ಪಕ್ಷವಾತದ ಮೊದಲ ಮೂರು ತಿಂಗಳು ಯಾವ ಪಟ್ಟಿಗೂ ಕಾಯುವುದಿಲ್ಲ: ಕಾಸರಗೋಡಿನ ಆಡಳಿತಕ್ಕೊಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತು ಅಧ್ಯಕ್ಷರಿಗೆ, ಜಿಲ್ಲಾ ವೈದ್ಯಾಧಿಕಾರಿಗಳಿಗೆ, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಗ್ರಾಮ ಪಂಚಾಯತು ಅಧ್ಯಕ್ಷರಿಗೆ, ವಾರ್ಡು ಸದಸ್ಯರಿಗೆ,

ಮಾನ್ಯರೇ,

ಈ ಜಿಲ್ಲೆಯ ಉತ್ತರ ಭಾಗದಲ್ಲಿ ಯಾರಿಗಾದರೂ ಪಕ್ಷವಾತ ಬಂದರೆ ಗಾಡಿ ತಿರುಗುವುದು ಹೆಚ್ಚಾಗಿ ಮಂಗಳೂರಿನ ಕಡೆಗೆ. 2020ರ ಮಾರ್ಚ್ ಕೊನೆಗೆ ಕೋವಿಡ್ ಕಾರಣಕ್ಕೆ ಕರ್ನಾಟಕ ತಲಪಾಡಿ ಗಡಿ ಮುಚ್ಚಿ, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದಾಗ ನಮ್ಮ ಈ ಅವಲಂಬನೆ ಎಷ್ಟೆಂಬುದು ತಿರುವನಂತಪುರಕ್ಕೂ ಗೊತ್ತಾಯಿತು. ಆಂಬುಲೆನ್ಸು, ಸ್ಕ್ಯಾನು, ಹೆಪ್ಪು ಕರಗಿಸುವ ಚುಚ್ಚುಮದ್ದಿಗಿರುವ ನಾಲ್ಕೂವರೆ ಗಂಟೆಯ ಗಡುವು, ಇವುಗಳ ಬಗ್ಗೆ ಆಮೇಲೆ ಒಂದಿಷ್ಟು ಮಾತಾದರೂ ಆಗಿದೆ. ಈ ಪತ್ರ ಅದರ ನಂತರದ ಭಾಗದ್ದು. ಜೀವ ಉಳಿದಿದೆ, ಒಂದು ಬದಿಯ ಕೈಕಾಲು ಸ್ವಾಧೀನದಲ್ಲಿಲ್ಲ, ವಾರ ಹತ್ತು ದಿನದಲ್ಲಿ ಮನೆಗೆ ಕಳುಹಿಸಿದ್ದಾರೆ. ಅಲ್ಲಿಂದ ಮುಂದೆ ಅವರು ಯಾರ ಹೊಣೆ?

ಕಾಗದದ ಮೇಲೆ ಉತ್ತರ ಇದೆ. ಕೇರಳ ಸರಕಾರ 2008ರಲ್ಲೇ ಪಾಲಿಯೇಟಿವ್ (ದೀರ್ಘ ಕಾಯಿಲೆಯವರ ಸಾಂತ್ವನ ಆರೈಕೆಯ) ನೀತಿ ಮಾಡಿದೆ. ಅದರಂತೆ ಪಂಚಾಯತಿಗೊಬ್ಬ ಪಾಲಿಯೇಟಿವ್ ನರ್ಸ್, ಜೊತೆಗೆ ಆಶಾ ಕಾರ್ಯಕರ್ತೆ, ಮನೆಭೇಟಿಗೊಂದು ಜೀಪು. ಮೂತ್ರದ ಟ್ಯೂಬು ಬದಲಿಸುವುದು, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು, ನೋವಿನ ಮದ್ದು ಕೊಡುವುದು, ಇವನ್ನೆಲ್ಲ ಆ ನರ್ಸುಗಳು ಮಾಡುವ ಶ್ರದ್ಧೆಯ ಬಗ್ಗೆ ನಮಗೆ ಗೌರವವೇ ಇದೆ. ತೊಂದರೆ ಇರುವುದು ಪಟ್ಟಿಯ ನಿಯಮದಲ್ಲಿ. ಆ ಪಟ್ಟಿಗೆ ಹೆಸರು ಸೇರುವುದು ಹೆಚ್ಚಾಗಿ ‘ಹಾಸಿಗೆ ಹಿಡಿದವರು’ ಎಂಬ ಲೆಕ್ಕದಲ್ಲಿ. ಹಾಗಾಗಿ ಪಕ್ಷವಾತ ಬಂದವರು ಮೊದಲು ಹಾಸಿಗೆ ಹಿಡಿಯಬೇಕು, ಆಮೇಲೆ ಸಹಾಯ. ಅಷ್ಟರಲ್ಲಿ ಹೆಗಲು ಜಾರಿರುತ್ತದೆ, ಪಾದ ಕೆಳಮುಖವಾಗಿ ಸೆಟೆದಿರುತ್ತದೆ, ಬೆರಳು ಮುಷ್ಟಿಯಾಗಿ ಕೂತಿರುತ್ತದೆ. ಇವು ಮೂರೂ ಮೆದುಳಿಗಾದ ಪೆಟ್ಟಿನ ಫಲ ಮಾತ್ರ ಅಲ್ಲ. ಮನೆಯಲ್ಲಿ ಹೇಗೆ ಮಲಗಿಸಿದರು, ಹೇಗೆ ಎತ್ತಿದರು, ಹೇಗೆ ಕೂರಿಸಿದರು ಎಂಬುದರಿಂದಲೂ ಹೆಚ್ಚಾದವು. ಅಂದರೆ ಒಂದಷ್ಟು ಮಟ್ಟಿಗೆ ತಡೆಯಬಹುದಾದವು.

ಪೆಟ್ಟಾದ ಮೆದುಳು ಹೊಸ ದಾರಿ ಕಂಡುಕೊಳ್ಳುವ ವೇಗ ಮೊದಲ ಮೂರು ತಿಂಗಳಲ್ಲಿ ಅತಿ ಹೆಚ್ಚು. ಆರು ತಿಂಗಳವರೆಗೂ ಚೆನ್ನಾಗಿಯೇ ಇರುತ್ತದೆ. ಆಮೇಲೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ‘ವರ್ಷ ಕಳೆಯಿತು, ಇನ್ನೇನೂ ಆಗದು’ ಎನ್ನುವವರ ಮಾತು ತಪ್ಪು. ‘ಒಂದೆರಡು ತಿಂಗಳು ರೆಸ್ಟ್ ತೆಗೆದುಕೊಳ್ಳಲಿ, ಆಮೇಲೆ ನೋಡುವ’ ಎನ್ನುವವರ ಮಾತು ಅದಕ್ಕಿಂತ ದೊಡ್ಡ ತಪ್ಪು.

ಈ ಕೆಲಸಕ್ಕೆ ಬೇಕಾಗುವ ಸಮಯದ ಅಂದಾಜು ಆಡಳಿತಕ್ಕಿರಲಿ. ಬ್ರಿಟನ್ನಿನ ನೈಸ್ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಪಕ್ಷವಾತದ ನಂತರ ಅಗತ್ಯವಿರುವವರಿಗೆ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಪುನಶ್ಚೇತನ ಚಿಕಿತ್ಸೆ ಬೇಕು. ವ್ಯಾಯಾಮ, ದೈನಂದಿನ ಕೆಲಸಗಳ ಅಭ್ಯಾಸ, ಮಾತಿನ ಚಿಕಿತ್ಸೆ ಎಲ್ಲ ಸೇರಿ. ತಿಂಗಳಿಗೊಮ್ಮೆ ಬಂದು ಹೋಗುವ ಜೀಪು ಇದರ ಹತ್ತಿರಕ್ಕೂ ಬರಲಾರದು. ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ ಆಯಿತಲ್ಲ, ಹುದ್ದೆಯ ಖರ್ಚು ಉಳಿಯಿತು ಎಂದು ಯಾರಿಗಾದರೂ ಅನಿಸಬಹುದು. ಅದನ್ನೂ ಭಾರತದಲ್ಲೇ ಪರೀಕ್ಷಿಸಿ ನೋಡಿಯಾಗಿದೆ. 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟು ಅವರ ಕೈಗೇ ಬಿಟ್ಟ ಗುಂಪಿಗೂ ಮಾಮೂಲು ಚಿಕಿತ್ಸೆಯ ಗುಂಪಿಗೂ ಆರು ತಿಂಗಳ ಕೊನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನಾವು ತಿಳಿದುಕೊಳ್ಳುವುದು ಇಷ್ಟು: ಮನೆಯವರು ಫಿಸಿಯೋಥೆರಪಿಸ್ಟರ ಬದಲಿ ಅಲ್ಲ. ಎರಡು ಭೇಟಿಗಳ ನಡುವೆ ಕೆಲಸ ಮುಂದುವರಿಸುವ ಕೈಗಳು ಅವರದು. ಭೇಟಿಯೇ ಇಲ್ಲದಿದ್ದರೆ ಆ ಕೈಗಳು ಹಿಂದಿನ ವಾರದ್ದನ್ನೇ, ಕೆಲವೊಮ್ಮೆ ತಪ್ಪನ್ನೇ, ಮಾಡುತ್ತಾ ಹೋಗುತ್ತವೆ.

ಮೊದಲ ಭೇಟಿಯಲ್ಲೇ ಮನೆಗೆ ಏನು ತಲುಪಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತೇವೆ. ಅಧಿಕಾರಿಗಳಿಗೆ ಇದು ಬೇಡದ ವಿವರ ಅನಿಸಬಹುದು. ಆದರೆ ಇದನ್ನು ಓದದೆ, ಇಪ್ಪತ್ತು ನಿಮಿಷದ ಭೇಟಿ ಏಕೆ ಸಾಲದು ಎಂಬುದು ಅರ್ಥವಾಗುವುದಿಲ್ಲ.

ಮೊದಲಿಗೆ ಹೆಗಲು. ಇದನ್ನೇ ಮುಂದಿಟ್ಟದ್ದಕ್ಕೆ ಕಾರಣ ಇದೆ: ಕಾಲು ಬಂದು ನಡೆಯುವ ಎಷ್ಟೋ ಮಂದಿಗೆ ಉಳಿದ ಜೀವಮಾನದ ನೋವು ಹೆಗಲಿನದ್ದು. ತೋಳಿನ ಮೂಳೆಯ ಗುಂಡು ಹೆಗಲಿನ ಗುಳಿಯಲ್ಲಿ ನಿಲ್ಲುವುದು ಮುಖ್ಯವಾಗಿ ಸುತ್ತಲಿನ ಸ್ನಾಯುಗಳ ಬಲದಿಂದ. ಆ ಸ್ನಾಯು ಸಡಿಲವಾದೊಡನೆ ಕೈಯ ಭಾರವೇ ಗುಂಡನ್ನು ಕೆಳಕ್ಕೆ ಎಳೆಯುತ್ತದೆ. ಹೆಗಲಿನ ತುದಿಯ ಮೂಳೆಯ ಕೆಳಗೆ ಬೆರಳಿಟ್ಟರೆ ಒಂದು ಬೆರಳು, ಕೆಲವರಲ್ಲಿ ಎರಡು ಬೆರಳು ಹೋಗುವಷ್ಟು ಎಡೆ ಸಿಗುತ್ತದೆ. ಈ ಸ್ಥಿತಿಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತುವುದು, ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸುವುದು, ಅಂಗಿ ತೊಡಿಸುವಾಗ ಕೈ ತಿರುಚುವುದು, ಮೂರೂ ಹೆಗಲನ್ನು ಹರಿಯುವ ಕೆಲಸಗಳು. ಅಂಗಿಯ ತೋಳನ್ನು ಮೊದಲು ಸೋತ ಕೈಗೆ ಹಾಕಬೇಕು, ತೆಗೆಯುವಾಗ ಕೊನೆಗೆ. ಎಬ್ಬಿಸುವಾಗ ಹಿಡಿಯಬೇಕಾದದ್ದು ಸೊಂಟವನ್ನು. ದಪ್ಪ ಬೈರಾಸನ್ನು (ಟವೆಲನ್ನು) ಸೊಂಟಕ್ಕೆ ಬಿಗಿದು ಕಟ್ಟಿದರೆ ಹಿಡಿಕೆ ಸಿಕ್ಕಿತು.

ಇನ್ನು ಬಾಗಿಲಿನ ದಾರಂದಕ್ಕೆ ಕಪ್ಪಿ ಕಟ್ಟಿ, ಹಗ್ಗದ ಒಂದು ತುದಿ ಒಳ್ಳೆಯ ಕೈಗೆ, ಇನ್ನೊಂದು ಸೋತ ಕೈಗೆ ಕೊಟ್ಟು ಎಳೆಸುವುದು. ಊರಿನ ಹಲವು ಮನೆಗಳಲ್ಲಿ ಇದೇ ‘ಫಿಸಿಯೋಥೆರಪಿ’. ದಯವಿಟ್ಟು ಬಿಚ್ಚಿಡಿ. ಕೈ ಮೇಲೆ ಹೋಗಬೇಕಾದರೆ ಬೆನ್ನಿನ ರೆಕ್ಕೆಮೂಳೆ ಜೊತೆಗೇ ತಿರುಗಬೇಕು, ತೋಳು ಹೊರಮುಖವಾಗಿ ಹೊರಳಬೇಕು. ಕಪ್ಪಿ ಈ ಎರಡನ್ನೂ ಮಾಡದೆ ತೋಳನ್ನು ಮಾತ್ರ ಮೇಲಕ್ಕೆ ಜಗ್ಗುತ್ತದೆ; ನಡುವೆ ಸಿಕ್ಕಿದ ಸ್ನಾಯುರಜ್ಜು ಜಜ್ಜಿಹೋಗುತ್ತದೆ. ಸೋತ ಕೈಯನ್ನು ಇನ್ನೊಬ್ಬರು ಎತ್ತುವಾಗ ಮಲಗಿದಲ್ಲೇ, ಅಂಗೈ ಮೇಲ್ಮುಖವಾಗಿಟ್ಟು, ಒಂದು ಕೈಯಲ್ಲಿ ರೆಕ್ಕೆಮೂಳೆಯನ್ನು ಆಧರಿಸಿ, ಹೆಗಲಿನ ಎತ್ತರದವರೆಗೆ ಮಾತ್ರ ತರಬೇಕು. ಅದಕ್ಕಿಂತ ಮೇಲಕ್ಕೆ ತರುವುದು ಥೆರಪಿಸ್ಟ್ ನೋಡಿ ಹೇಳಿದ ಮೇಲೆ. ಮೋರೆ ಸಿಂಡರಿಸಿದರೆ ಅಲ್ಲಿಗೇ ನಿಲ್ಲಿಸಿ. ‘ನೋವಾದರೇನೇ ಗುಣ’ ಎಂಬ ಮಾತು ಹೆಗಲಿನ ಮಟ್ಟಿಗಂತೂ ಸುಳ್ಳು. ಕೊರಳಿಗೆ ಕಟ್ಟುವ ತೂಗುಪಟ್ಟಿ ನಿಲ್ಲುವಾಗ, ನಡೆಯುವಾಗ ಸಾಕು. ಇಡೀ ದಿನ ಕಟ್ಟಿಟ್ಟರೆ ಮೊಣಕೈ ಮಡಚಿದಲ್ಲೇ ಗಟ್ಟಿಯಾಗುತ್ತದೆ. ಕೂತಾಗ ಕೈ ತೊಡೆಯಿಂದ ಕೆಳಗೆ ಜೋತಾಡದೆ ಮೇಜಿನ ಮೇಲೋ ಮಡಿಲ ದಿಂಬಿನ ಮೇಲೋ ಇರಲಿ. ಜೋತಾಡಿದರೆ ಹೆಗಲೂ ಜಾರುತ್ತದೆ, ಹಸ್ತವೂ ಬಾತುಕೊಳ್ಳುತ್ತದೆ.

ಮಲಗಿಸುವುದಕ್ಕೆ ನಾಲ್ಕು ದಿಂಬು ಸಾಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಳ್ಳೆಯ ಬದಿಗೆ ಮಲಗಿದಾಗ ಸೋತ ಕೈಯನ್ನು ಎದೆಯ ಮುಂದೆ ದಿಂಬಿನ ಮೇಲೆ ಚಾಚಿ, ಸೋತ ಕಾಲನ್ನು ಮಡಚಿ ಇನ್ನೊಂದು ದಿಂಬಿನ ಮೇಲಿಡಿ. ಸೋತ ಬದಿಗೂ ಮಲಗಬಹುದು, ಮಲಗಿಸಬೇಕು. ಮೈಭಾರ ಆ ಬದಿಗೆ ಬಿದ್ದಷ್ಟೂ ಮೆದುಳಿಗೆ ಅದರ ನೆನಪು ತಾಗುತ್ತದೆ. ಆಗ ಮಾತ್ರ ಹೆಗಲನ್ನು ಮೈಯಡಿ ಸಿಕ್ಕಿಸದೆ ರೆಕ್ಕೆಮೂಳೆಯ ಹಿಂದೆ ಕೈಹಾಕಿ ಮುಂದಕ್ಕೆ ತಂದುಕೊಳ್ಳಬೇಕು. ಅಂಗಾತ ಮಲಗಿದಾಗ ರೆಕ್ಕೆಮೂಳೆಯ ಕೆಳಗೊಂದು, ಸೋತ ಬದಿಯ ಸೊಂಟದ ಕೆಳಗೊಂದು ತೆಳು ದಿಂಬು. ಮೊಣಕಾಲಿನ ಕೆಳಗೆ ದಿಂಬಿಟ್ಟು ಹಗಲು ರಾತ್ರಿ ಬಿಡುವುದು ಬೇಡ, ಕಾಲು ಮಡಚಿದಂತೆಯೇ ನಿಂತುಬಿಡುತ್ತದೆ. ಭಾರದ ಕಂಬಳಿಯನ್ನು ಪಾದದ ಮೇಲೆ ಬಿಗಿದು ಹೊದೆಸಬೇಡಿ. ಪಾದ ಕೆಳಕ್ಕೆ ಬಾಗುವುದಕ್ಕೆ ಅದೂ ಒಂದು ಕಾರಣ.

ವಾಟರ್ ಬೆಡ್ ವಿಷಯ ಇಲ್ಲೇ ಹೇಳಿಬಿಡುತ್ತೇವೆ. ಮೈ ಅಲುಗಿಸಲಾಗದವರಿಗೆ, ಹುಣ್ಣಾಗುವ ಅಪಾಯ ಇರುವವರಿಗೆ ಅದು ಬೇಕು. ಆದರೆ ಪಕ್ಷವಾತದ ಎರಡನೇ ವಾರದಲ್ಲಿ, ಹೊರಳಲು ಕಲಿಯುತ್ತಿರುವವರಿಗೆ ಮೆತ್ತಗಿನ ತೂಗಾಡುವ ಹಾಸಿಗೆ ಕೊಟ್ಟರೆ ಒತ್ತಿ ಏಳುವುದಕ್ಕೆ ಆಧಾರವೇ ಇಲ್ಲದಾಗುತ್ತದೆ. ಗಟ್ಟಿ ಹಾಸಿಗೆಯೇ ಒಳ್ಳೆಯದು. ಪಂಚಾಯತು ಯೋಜನೆಯಲ್ಲಿ ವಾಟರ್ ಬೆಡ್ಡು, ಗಾಲಿಕುರ್ಚಿ ಹಂಚುವ ಸಭೆ ನಡೆಯುತ್ತದೆ, ಫೋಟೋ ಪತ್ರಿಕೆಗೆ ಬರುತ್ತದೆ. ಅಂಗಳದ ರ್‍ಯಾಂಪು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂಬುದು ನಮಗೂ ಗೊತ್ತು. ನಡೆಯಬಲ್ಲ ಸಾಧ್ಯತೆ ಇರುವವರಿಗೆ ಮೊದಲೇ ಕೊಟ್ಟ ಗಾಲಿಕುರ್ಚಿ ಅವರನ್ನು ಅದರಲ್ಲೇ ಉಳಿಸುತ್ತದೆ.

ಏಳಿಸಿ ಕೂರಿಸುವುದು ಯಾವಾಗ? ಮೊದಲ 24 ಗಂಟೆಯಲ್ಲಿ ಬಲವಂತವಾಗಿ ಹೆಚ್ಚು ಓಡಾಡಿಸಿದರೆ ಉಪಕಾರ ಇಲ್ಲ. ಅದರ ನಂತರ, ವೈದ್ಯರು ಸ್ಥಿತಿ ನಿಂತಿದೆ ಎಂದ ಮೇಲೆ, ತಡಮಾಡುವುದರಲ್ಲೂ ಉಪಕಾರ ಇಲ್ಲ. ಮನೆಗೆ ಬರುವ ಹೊತ್ತಿಗೆ ಹೆಚ್ಚಿನವರು ಕೂರಲು ತಯಾರಾಗಿರುತ್ತಾರೆ. ಬಿ.ಪಿ. ನೋಡಿಕೊಂಡೇ ಶುರುಮಾಡಿ, 180/110 ಮೀರಿದ್ದರೆ ಆ ದಿನ ವ್ಯಾಯಾಮ ಬಿಟ್ಟು ವೈದ್ಯರನ್ನು ಕೇಳಿ. ಎದೆನೋವು, ಏದುಸಿರು, ತಲೆತಿರುಗು, ಹೊಸದಾಗಿ ಕೈಕಾಲು ಸೋತಂತೆ ಆಗುವುದು, ಯಾವುದೊಂದು ಕಂಡರೂ ನಿಲ್ಲಿಸಬೇಕು. ಒಂದೇ ಕಾಲಿನ ಮೀನಖಂಡ ಬಾತು ಬಿಸಿಯಾಗಿ ನೋಯುತ್ತಿದ್ದರೆ ಉಜ್ಜಲೇಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ.

ಮಲಗಿದಲ್ಲಿ ಮಾಡಿಸುವ ವ್ಯಾಯಾಮಗಳಲ್ಲಿ ಎರಡು ಮುಖ್ಯ. ಒಂದು ಸೊಂಟ ಎತ್ತುವುದು: ಎರಡೂ ಮೊಣಕಾಲು ಮಡಚಿ, ಸೋತ ಪಾದ ಜಾರದಂತೆ ಮನೆಯವರು ಒತ್ತಿ ಹಿಡಿದು, ಸೊಂಟ ಎತ್ತಿ ಐದು ಎಣಿಸುವಷ್ಟು ಹೊತ್ತು ನಿಲ್ಲಿಸುವುದು. ಹತ್ತು ಬಾರಿ, ದಿನಕ್ಕೆ ಮೂರು ನಾಲ್ಕು ಸರ್ತಿ. ಇದು ಬಂದರೆ ಲುಂಗಿ ಬದಲಿಸುವುದು, ಬೆಡ್‌ಪ್ಯಾನ್ ಇಡುವುದು ಸಲೀಸಾಗುತ್ತದೆ. ಆರೈಕೆ ಮಾಡುವವರ ನಡು ಉಳಿಯುತ್ತದೆ. ಇನ್ನೊಂದು ಪಾದದ ಎಳೆತ: ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮುಂಗೈಯಿಂದ ಪಾದದ ಮುಂಭಾಗವನ್ನು ಮೊಣಕಾಲಿನ ಕಡೆಗೆ ಒತ್ತಿ, ಮೊಣಕಾಲು ನೇರವಾಗಿಯೇ ಇಟ್ಟು 30 ಸೆಕೆಂಡು. ನಾಲ್ಕೈದು ಬಾರಿ. ಬೆರಳುಗಳನ್ನು ಮಾತ್ರ ಹಿಡಿದು ಬಗ್ಗಿಸಿದರೆ ಪಾದದ ನಡುಭಾಗ ಬಾಗುತ್ತದೆಯೇ ಹೊರತು ಹಿಮ್ಮಡಿಯ ಸ್ನಾಯುರಜ್ಜು ಎಳೆಯುವುದಿಲ್ಲ.

ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ವ್ಯಾಯಾಮ ಯಾವುದು ಎಂದು ಕೇಳಿದರೆ ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂರುವುದು. ಯಂತ್ರ ಬೇಡ, ಕರೆಂಟು ಬೇಡ. ಗೋಡೆಗೆ ತಾಗಿಸಿದ ಗಟ್ಟಿ ಮರದ ಕುರ್ಚಿ ಬೇಕು. ನುಣುಪು ನೆಲದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಅದು ಬೇಡ. ಕೂರುವ ಎತ್ತರ 45ರಿಂದ 50 ಸೆಂಟಿಮೀಟರ್ ಇರಲಿ. ಏಳಲು ಆಗದಿದ್ದರೆ ಮೇಲೊಂದು ಗಟ್ಟಿ ಹಲಗೆ ಅಥವಾ ಮಡಚಿದ ಜಮಖಾನ ಹಾಕಿ ಎತ್ತರಿಸಿ, ಬಲ ಬಂದ ಹಾಗೆ ತಗ್ಗಿಸುತ್ತಾ ಬನ್ನಿ. ಪಾದಗಳು ನೆಲಕ್ಕೆ ಪೂರ್ತಿ ತಾಗಿ, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇರಬೇಕು. ಮುಂದಕ್ಕೆ ಬಾಗಿ ಮೂಗು ಕಾಲ್ಬೆರಳ ನೇರಕ್ಕೆ ಬಂದ ಮೇಲೆ ಏಳಬೇಕು. ‘ನೆಟ್ಟಗೆ ಏಳಿ ಅಪ್ಪಾ’ ಎಂದು ಹಿಂದಕ್ಕೆ ಎಳೆದರೆ ಏಳುವುದಕ್ಕೇ ಆಗುವುದಿಲ್ಲ, ಭಾರವೆಲ್ಲ ಹಿಂದೆಯೇ ಉಳಿಯುತ್ತದೆ. ಸಹಾಯ ಮಾಡುವವರು ಸೋತ ಬದಿಯಲ್ಲಿ, ಮುಂದೆ ನಿಂತು, ತಮ್ಮ ಮೊಣಕಾಲಿನಿಂದ ಸೋತ ಮೊಣಕಾಲಿಗೆ ಅಡ್ಡ ಕೊಟ್ಟರೆ ಅದು ಕುಸಿಯುವುದಿಲ್ಲ. ಒಳ್ಳೆಯ ಪಾದವನ್ನು ಅರ್ಧ ಹೆಜ್ಜೆ ಮುಂದಿಡಿಸಿದರೆ ಸೋತ ಕಾಲಿಗೆ ಹೆಚ್ಚು ಭಾರ ಬೀಳುತ್ತದೆ. ಇಲ್ಲದಿದ್ದರೆ ಒಳ್ಳೆಯ ಕಾಲೇ ಎಲ್ಲ ಕೆಲಸ ಮಾಡಿ ಮುಗಿಸುತ್ತದೆ, ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಐದರಿಂದ ಶುರುಮಾಡಿ ಹತ್ತಕ್ಕೆ, ದಿನಕ್ಕೆ ನಾಲ್ಕೈದು ಸರ್ತಿಗೆ ಏರಿಸಿ. ಒಮ್ಮೆಗೇ ಒಂದು ಗಂಟೆ ದಣಿಸುವುದಕ್ಕಿಂತ ಹದಿನೈದು ಇಪ್ಪತ್ತು ನಿಮಿಷದಂತೆ ಬೆಳಗ್ಗೆ, ಹನ್ನೊಂದು ಗಂಟೆಗೆ, ಸಂಜೆ, ರಾತ್ರಿ ಊಟಕ್ಕೆ ಮೊದಲು ಮಾಡಿಸುವುದು ಒಳ್ಳೆಯದು. ಪಕ್ಷವಾತದ ನಂತರದ ದಣಿವು ಸೋಮಾರಿತನ ಅಲ್ಲ, ಅದೂ ಕಾಯಿಲೆಯ ಭಾಗ.

ನಡಿಗೆಗೆ ಬಂದರೆ, ಊರುಗೋಲು ಒಳ್ಳೆಯ ಕೈಯಲ್ಲಿ. ಕೋಲಿನ ತಲೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ತುಸು ಮಡಚಿರಬೇಕು. ಅಜ್ಜನ ಕಾಲದ ಉದ್ದ ಬೆತ್ತ ಕೊಟ್ಟರೆ ಹೆಗಲು ಮೇಲೇರಿ ಮೈ ಒಂದು ಬದಿಗೆ ವಾಲುತ್ತದೆ. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತದ್ದು ಮೊದಲು. ನಾಲ್ಕು ಕಾಲಿನ ಊರುಗೋಲು ಒಳಗಿನ ಸಮನೆಲಕ್ಕೆ ಸರಿ. ತೋಟದ ದಾರಿಯಲ್ಲಿ, ಕಲ್ಲು ಹಾಸಿದ ಅಂಗಳದಲ್ಲಿ ನಾಲ್ಕೂ ಕಾಲು ಒಟ್ಟಿಗೆ ನೆಲ ಮುಟ್ಟದೆ ಅದೇ ಬೀಳಿಸುತ್ತದೆ. ತುದಿಯ ರಬ್ಬರು ಸವೆದರೆ ಬದಲಿಸಿ, ಮಳೆಗಾಲಕ್ಕೆ ಮೊದಲು ಒಮ್ಮೆ ತಿರುಗಿಸಿ ನೋಡಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಬೇಕು. ಕಾಲ್ಬೆರಳು ನೆಲಕ್ಕೆ ಉಜ್ಜುತ್ತಿದ್ದರೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಬೇಕಾಗುತ್ತದೆ. ಅದನ್ನು ಅಳತೆ ಕೊಟ್ಟು ಮಾಡಿಸಬೇಕು. ಬೇರೆಯವರದ್ದು ತಂದು ಹಾಕಿದರೆ, ಸ್ಪರ್ಶ ಇಲ್ಲದ ಪಾದದಲ್ಲಿ ಹುಣ್ಣಾದದ್ದು ಗೊತ್ತಾಗುವುದು ವಾಸನೆ ಬಂದ ಮೇಲೆ.

ಕೈ ನಿಧಾನ. ಕಾಲಿಗಿಂತ ತಡವಾಗಿ ಬರುತ್ತದೆ, ಕೆಲವರಲ್ಲಿ ಪೂರ್ತಿ ಬರುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಮೆತ್ತಗಿನ ಚೆಂಡು ಹಿಂಡಿಸುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಮುಷ್ಟಿ ಬಿಗಿಯುವುದು ಹೆಚ್ಚಿನವರಿಗೆ ತಾನಾಗಿಯೇ ಬರುತ್ತದೆ, ಬಾರದಿರುವುದು ಬಿಚ್ಚುವುದು. ಅದನ್ನು ಅಭ್ಯಾಸ ಮಾಡಿಸಿ. ಮೇಜಿನ ಮೇಲೆ ಬೈರಾಸು ಹಾಸಿ ಎರಡೂ ಕೈ ಇಟ್ಟು ಮುಂದಕ್ಕೆ ಹಿಂದಕ್ಕೆ ಒರೆಸುವುದರಿಂದ ಶುರು. ಬೆರಳು ಸ್ವಲ್ಪ ಆಡತೊಡಗಿದ ಮೇಲೆ ಒಂದು ಬೋಗುಣಿಯಿಂದ ಇನ್ನೊಂದಕ್ಕೆ ಒಣ ಅಡಿಕೆ ಹಾಕಿಸಿ; ಹಿಡಿಯುವುದಷ್ಟೇ ಅಲ್ಲ, ಹಾಕಿ ಬಿಡುವುದೂ ಇದರಲ್ಲಿದೆ. ಇಪ್ಪತ್ತು ಅಡಿಕೆಗೆ ಮುಗಿಸಬೇಡಿ, ನೂರು ಇನ್ನೂರು ಆಗಲಿ. ಮೆದುಳು ಕಲಿಯುವುದು ಎಣಿಕೆಯಿಂದ. ಬೀಡಿ ಕಟ್ಟುತ್ತಿದ್ದವರಿಗೆ ಎಲೆ ಕತ್ತರಿಸುವುದು, ಅಡುಗೆ ಮಾಡುತ್ತಿದ್ದವರಿಗೆ ಬೀನ್ಸ್ ಮುರಿಯುವುದು, ಹೀಗೆ ಅವರ ಕೈಗೆ ಹಳೆಯ ಪರಿಚಯ ಇರುವ ಕೆಲಸವೇ ಒಳ್ಳೆಯ ವ್ಯಾಯಾಮ.

ಗಂಜಿಯ ವಿಷಯ ನಮ್ಮ ಊರಿಗೆ ವಿಶೇಷ. ಪಕ್ಷವಾತದಲ್ಲಿ ನುಂಗುವ ಶಕ್ತಿ ಕುಂದಿದವರಿಗೆ ಅತಿ ಹಗುರ ಆಹಾರ ಎಂದು ಕೊಡುವ ಕುಚ್ಚಲಕ್ಕಿ ಗಂಜಿಯೇ ಅತಿ ಕಷ್ಟದ್ದು. ಬಾಯಲ್ಲಿ ಅನ್ನ ಉಳಿದು ತಿಳಿ ಮಾತ್ರ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅದನ್ನೇ ಮಿಕ್ಸಿಯಲ್ಲಿ ಅರೆದು, ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರುವಷ್ಟು ಗಟ್ಟಿ ಮಾಡಿ ಕೊಡಿ. ನೇರ ಕೂರಿಸಿ, ಗದ್ದ ತುಸು ತಗ್ಗಿಸಿ, ಸಣ್ಣ ಚಮಚದಲ್ಲಿ, ಬಾಯಿಯ ಒಳ್ಳೆಯ ಬದಿಗೆ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದೊಡನೆ ಕೆಮ್ಮು, ಗಂಟಲಲ್ಲಿ ನೀರು ಗುಳುಗುಳಿಸುವಂಥ ಧ್ವನಿ, ಕಾರಣ ಇಲ್ಲದ ಜ್ವರ ಕಂಡರೆ ಬಾಯಿಯ ಆಹಾರ ನಿಲ್ಲಿಸಿ ಆಸ್ಪತ್ರೆಗೆ ತೋರಿಸಬೇಕು.

ಎಣ್ಣೆ ಉಜ್ಜುವವರ ಬಗ್ಗೆ ಕೇಳದ ಮನೆ ಇಲ್ಲ. ಧನ್ವಂತರ ತೈಲವೋ ಇನ್ನೊಂದೋ, ಮೆತ್ತಗೆ ಸವರಿದರೆ ಮೈಗೆ ಹಿತ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಉಜ್ಜಿಸಿಕೊಂಡು ಮಲಗಿದ ಕೈ ಏನನ್ನೂ ಕಲಿಯುವುದಿಲ್ಲ. ಕಲಿಯುವುದು ತಾನೇ ಮಾಡಲು ಹೊರಟ ಕೈ. ಬಿಸಿ ಕಿಳಿ (ಮದ್ದಿನ ಬಟ್ಟೆಗಂಟು) ಇಡುವಾಗ ಮೊದಲು ಒಳ್ಳೆಯ ಬದಿಗೆ ತಾಗಿಸಿ ನೋಡಬೇಕು, ಸೋತ ಬದಿಗೆ ಸುಟ್ಟರೂ ತಿಳಿಯದು. ಹೆಗಲನ್ನು ಎಳೆದು ‘ಕೂರಿಸುವ’ ಕೈಚಳಕ ಬೇಡ. ಮತ್ತು ಯಾವ ಕಷಾಯಕ್ಕಾಗಿಯೂ ಬಿ.ಪಿ. ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಎರಡನೆಯ ಪಕ್ಷವಾತ ಮೊದಲನೆಯದರಷ್ಟು ದಯೆ ತೋರುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಈಗ ಮಾತಿನ ಚಿಕಿತ್ಸೆ. ಇಲ್ಲಿ ಆಡಳಿತ ಮನಸ್ಸು ಮಾಡಿದರೆ ಖರ್ಚಿಲ್ಲದೆ ಸರಿಪಡಿಸಬಹುದಾದ ಅನ್ಯಾಯ ಒಂದಿದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಬಲಗೈಯೊಂದಿಗೆ ಮಾತೂ ಹೋಗುವುದುಂಟು. ಎಣ್ಮಕಜೆಯಲ್ಲೋ ಪೈವಳಿಕೆಯಲ್ಲೋ ಇರುವ ಒಬ್ಬರಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಯಲ್ಲಿ ಮಲಯಾಳ. ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನವರೂ ಇದ್ದಾರೆ. ಹಲವು ಭಾಷೆ ಬಲ್ಲವರಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಮರಳುವುದಿಲ್ಲ. ಮನೆಯ ಭಾಷೆಯಲ್ಲಿ ‘ನೀರು ಬೇಕಾ’ ಎಂದರೆ ತಲೆಯಾಡಿಸುವವರು ಮಲಯಾಳದ ಚಿತ್ರಪಟ ತೋರಿಸಿ ಕೇಳಿದರೆ ಸುಮ್ಮನೆ ಕೂತಿರುತ್ತಾರೆ. ಅಷ್ಟಕ್ಕೇ ‘ಗ್ರಹಿಕೆ ಇಲ್ಲ’ ಎಂದು ಬರೆದರೆ ಆ ಬರಹವೇ ಮುಂದಿನ ಚಿಕಿತ್ಸೆಯನ್ನು ನಿಲ್ಲಿಸುತ್ತದೆ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ವ್ಯಾಯಾಮದ ಕರಪತ್ರ ಸಿಕ್ಕಿದರೆ ಮಲಯಾಳದಲ್ಲಿ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಸರಕಾರವೇ ಒಪ್ಪಿಕೊಂಡ ಊರುಗಳಲ್ಲಿ ಕನ್ನಡದಲ್ಲಿ ನಾಲ್ಕು ಪುಟದ, ಚಿತ್ರ ಸಹಿತದ ವ್ಯಾಯಾಮ ಹಾಳೆ ಅಚ್ಚು ಹಾಕಿಸುವುದಕ್ಕೆ ಯಾವ ವಿಶೇಷ ಅನುಮತಿ ಬೇಕು?

ನಮ್ಮ ಬೇಡಿಕೆಗಳು ಇವು. ಪಕ್ಷವಾತ ಬಂದವರಿಗೆ ಪಾಲಿಯೇಟಿವ್ ಪಟ್ಟಿಯಿಂದ ಬೇರೆಯಾಗಿ ಒಂದು ನೋಂದಣಿ ಇರಲಿ. ಅದಕ್ಕೆ ಹಾಸಿಗೆ ಹಿಡಿದಿರಬೇಕೆಂಬ ಷರತ್ತು ಬೇಡ, ಆಸ್ಪತ್ರೆಯಿಂದ ಮನೆಗೆ ಬಂದದ್ದೇ ಸಾಕು. ಮಂಗಳೂರಿನಲ್ಲಿ ಬಿಡುಗಡೆಯಾದವರ ಮಾಹಿತಿ ನಮ್ಮ ಕುಟುಂಬ ಆರೋಗ್ಯ ಕೇಂದ್ರಗಳಿಗೆ ತಾನಾಗಿ ಬರುವುದಿಲ್ಲ, ರಾಜ್ಯವೇ ಬೇರೆ. ಆಶಾ ಕಾರ್ಯಕರ್ತೆಗೆ, ಕುಟುಂಬಶ್ರೀ ಅಯಲ್‌ಕೂಟಕ್ಕೆ (ನೆರೆಹೊರೆಯ ಮಹಿಳೆಯರ ಗುಂಪಿಗೆ), ವಾರ್ಡು ಸದಸ್ಯರಿಗೆ ಅದು ಎರಡು ದಿನದಲ್ಲಿ ಗೊತ್ತಾಗಿರುತ್ತದೆ. ಅವರು ಒಂದು ಫೋನು ಮಾಡುವ ವ್ಯವಸ್ಥೆ ಮಾಡಿ. ಏಳು ದಿನದೊಳಗೆ ಫಿಸಿಯೋಥೆರಪಿಸ್ಟರ ಮೊದಲ ಭೇಟಿ, ಒಂದೂವರೆ ಗಂಟೆಗೆ ಕಡಿಮೆಯಿಲ್ಲದಂತೆ. ಮೊದಲ ತಿಂಗಳು ವಾರಕ್ಕೆ ಎರಡು, ಮುಂದಿನ ಎರಡು ತಿಂಗಳು ವಾರಕ್ಕೊಂದು. ಹುದ್ದೆ ಬ್ಲಾಕಿಗೊಂದು ಸಾಲುವುದಿಲ್ಲ. ಗುಡ್ಡ ಇಳಿದು ತೋಟ ದಾಟಿ ಹೋಗಬೇಕಾದ ಮನೆಗಳಿಗೆ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಭೇಟಿ ಸಾಧ್ಯವಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಪಂಚಾಯತುಗಳಲ್ಲಿ ಬುದ್ಧಿ ಬೆಳವಣಿಗೆ ಕುಂದಿದ ಮಕ್ಕಳ ಬಡ್ಸ್ ಶಾಲೆಗಳನ್ನು ನಡೆಸಿ ಅನುಭವ ಇರುವ ಜಿಲ್ಲೆ ಇದು. ದೀರ್ಘಕಾಲದ ಆರೈಕೆ ಎಂದರೇನೆಂದು ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

ಗಾಲಿಕುರ್ಚಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಮನೆ ತಿದ್ದುವುದಕ್ಕೆ ಕೊಡಿ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಎಂಬುದು ರ್‍ಯಾಂಪಿನ ಲೆಕ್ಕ. ಆರು ಇಂಚಿನ ಹೊಸ್ತಿಲ ಮೆಟ್ಟಿಲಿಗೆ ಆರು ಅಡಿ, ಒಂದೂವರೆ ಅಡಿಯ ಜಗಲಿಗೆ ಹದಿನೆಂಟು ಅಡಿ. ಅಗಲ ಮೂರು ಅಡಿ. ಮುರಕಲ್ಲು ಕಟ್ಟಿ ಮೇಲೆ ಒರಟು ಸಿಮೆಂಟು ಹಾಕಿದರೆ ಆಯಿತು, ನುಣುಪು ಮಾಡಿದರೆ ಜೂನಿನಲ್ಲಿ ಪಾಚಿ ಕಟ್ಟಿ ಅದೇ ಅಪಾಯ. ಜಾಗ ಸಾಲದಿದ್ದರೆ ರ್‍ಯಾಂಪನ್ನು ಕಡಿದಾಗಿ ಮಾಡಬೇಡಿ, ಮೆಟ್ಟಿಲಿನ ಎರಡೂ ಬದಿಗೆ ಪೈಪಿನ ಹಿಡಿಕೆ ಹಾಕಿ. ಎರಡೂ ಬದಿಗೆ, ಏಕೆಂದರೆ ಹತ್ತುವಾಗ ಒಳ್ಳೆಯ ಕೈ ಇರುವ ಬದಿ ಇಳಿಯುವಾಗ ಇನ್ನೊಂದು ಕಡೆಗೆ ಬರುತ್ತದೆ. ಹೊರಗಿನ ಬಚ್ಚಲು, ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಇರುವ ಮನೆಗೆ ನಡುವೆ ತೂತಿರುವ ಕಬ್ಬಿಣದ ಕಮೋಡ್ ಕುರ್ಚಿ ಮತ್ತು ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಒಂದೂಕಾಲು ಇಂಚಿನ ಜಿ.ಐ. ಪೈಪು. ಕಾಯಿಲೆಯಿಂದ ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಜಾಗ ಬಚ್ಚಲು.

ಮನಸ್ಸಿನ ಸ್ಥಿತಿಯನ್ನೂ ನೋಂದಣಿಯ ಹಾಳೆಯಲ್ಲಿ ಒಂದು ಕಾಲಂ ಆಗಿ ಸೇರಿಸಿ. ಪಕ್ಷವಾತದ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ‘ಹಠ, ವ್ಯಾಯಾಮಕ್ಕೆ ಒಪ್ಪುವುದಿಲ್ಲ’ ಎಂದು ಮನೆಯವರು ಹೇಳುವ ಹಲವರಿಗೆ ಬೇಕಾದದ್ದು ಗದರಿಕೆ ಅಲ್ಲ, ಅದಕ್ಕೆ ಮದ್ದಿದೆ. ಹಾಗೆಯೇ ಆರೈಕೆ ಮಾಡುವವರು. ಹೆಂಡತಿ, ಸೊಸೆ, ಮಗಳು, ಹೆಚ್ಚಾಗಿ ಒಬ್ಬರೇ. ಆರೈಕೆ ಮಾಡುವವರಿಗೆ ಸರಕಾರ ಸಹಾಯಧನ ಕೊಡುವ ‘ಆಶ್ವಾಸಕಿರಣಂ’ ಯೋಜನೆಯ ವಿಚಾರವನ್ನೂ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಯಾವಾಗ ಎಲ್ಲಿ ಹೋಗಬೇಕೆಂಬುದನ್ನೂ ಮೊದಲ ತಿಂಗಳಲ್ಲೇ ತಿಳಿಸುವ ಹೊಣೆ ಒಬ್ಬರ ಹೆಸರಿಗೆ ಇರಲಿ.

ಈ ಪತ್ರದ ವ್ಯಾಯಾಮದ ಭಾಗಗಳನ್ನು ಯಾವ ಪಂಚಾಯತು, ಯಾವ ಗ್ರಂಥಾಲಯ, ಯಾವ ಯುವಕ ಸಂಘವಾದರೂ ಅಚ್ಚು ಹಾಕಿ ಹಂಚಬಹುದು, ನಮ್ಮನ್ನು ಕೇಳಬೇಕಾಗಿಲ್ಲ. ಜಾಗ ಸಾಲದಿದ್ದರೆ ಬೇರೆ ಏನನ್ನಾದರೂ ಬಿಡಿ, ಹೆಗಲಿನ ವಿಚಾರವನ್ನು ಹೇಳುವ ಎರಡು ಪ್ಯಾರಾಗಳನ್ನು ಮಾತ್ರ ಬಿಡಬೇಡಿ.

ಇತಿ,
ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವರು